ಸಿಲಿಂಡರಿನ ನಾಲ್ಕು ಗೀರು

ಮಾರ್ಚ್ 4, ಮಂಗಳವಾರ

ಈ ಡೈರಿಯನ್ನು ಎಣ್ಣೆ ಅಂಗಡಿಯವನು ವರ್ಷಕ್ಕೊಂದರಂತೆ ಕೊಡುತ್ತಾನೆ. ಇದರಲ್ಲಿ ನಾನು ಬರೆಯುವುದು ಅಳತೆ ಮಾತ್ರ. ಯಾರ ಗಾಡಿ, ಸಿಲಿಂಡರ್ ಎಷ್ಟು ಕೊರೆದೆ, ಪಿಸ್ಟನ್ನಿಗೂ ಗೋಡೆಗೂ ನಡುವೆ ಎಷ್ಟು ಗ್ಯಾಪ್ ಬಿಟ್ಟೆ, ಅಷ್ಟೇ. ಇವತ್ತು ಬೇರೆ ಬರೆಯುತ್ತಿದ್ದೇನೆ. ಮನೆಯಲ್ಲಿ ಬಾಯಿ ಬಿಡುವ ಹಾಗಿಲ್ಲ. ಭುಜದ ಮೂಳೆ ಮುರಿದುಕೊಂಡು ಮಲಗಿದವಳ ಮೇಲೆ ಕೂಗಾಡಬಾರದಂತೆ. ಮಗನ ಅಪ್ಪಣೆ.

ನಿನ್ನೆ ಬೆಳಿಗ್ಗೆ ಏರುರಸ್ತೆಯಲ್ಲಿ ಮಗನ ಹೆಂಡತಿಯ ಗಾಡಿ ಸೀಜ್ ಆಯಿತು. ಓಡುತ್ತಿದ್ದ ಪಿಸ್ಟನ್ ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡರೆ ಎಂಜಿನ್ ನಿಲ್ಲುತ್ತದೆ, ಎಂಜಿನ್ ನಿಂತರೆ ಹಿಂದಿನ ಚಕ್ರ ನಿಲ್ಲುತ್ತದೆ, ಮೇಲೆ ಕೂತವರು ಮಾತ್ರ ನಿಲ್ಲುವುದಿಲ್ಲ. ಅವಳು ಮುಂದಕ್ಕೆ ಹಾರಿ ಬಲಭುಜದ ಮೇಲೆ ಬಿದ್ದಳು.

ಆ ಸಿಲಿಂಡರ್ ನಾನು ಕೊರೆದದ್ದು. ಕೊಟ್ಟು ಒಂದೇ ವಾರ ಆಗಿತ್ತು. ಮೂವತ್ತೊಂದು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ, ನಮ್ಮವರು ಹೋದ ಮೇಲೆ ಒಂಬತ್ತು ವರ್ಷ ಒಬ್ಬಳೇ. ನನ್ನ ಕೈಯಿಂದ ಹೋದ ಎಂಜಿನ್ ವಾರದಲ್ಲಿ ಸೀಜ್ ಆಯಿತೆಂದು ಯಾರೂ ಇದುವರೆಗೆ ಹೇಳಿಲ್ಲ. ಆಸ್ಪತ್ರೆಯಲ್ಲಿ ನಾನು ಎಲ್ಲರ ಮುಂದೆ ಹೇಳಿಯೇಬಿಟ್ಟೆ: "ಆಯಿಲ್ ನೋಡದೇ ಓಡ್ಸಿದ್ದಾಳೆ. ಇನ್ನೇನಾಗುತ್ತೆ?" ಅವಳು ಕಣ್ಣು ಮುಚ್ಚಿಕೊಂಡಳು. ಆ ಕಣ್ಣು ಮುಚ್ಚುವ ಆಟ ನನಗೆ ಗೊತ್ತು.

ಮದುವೆಯಾಗಿ ಮೂರು ವರ್ಷ. ಮನೆಮನೆಗೆ ಹೋಗಿ ಬಾಣಂತಿಯರನ್ನೂ ಕೂಸುಗಳನ್ನೂ ನೋಡುವ ನರ್ಸು ಅವಳು. ಎಲ್ಲಕ್ಕೂ ಒಂದು ಪ್ರಶ್ನೆ, ಎಲ್ಲಕ್ಕೂ ಒಂದು ಟಿಪ್ಪಣಿ. ಅಂಗಡಿಗೆ ಬಂದರೆ ಚಪ್ಪಲಿಯಲ್ಲೇ ಕಬ್ಬಿಣದ ಪುಡಿ ತುಳಿದುಕೊಂಡು ಮನೆಗೆ ತರುತ್ತಾಳೆ. ಸಿಲಿಂಡರ್ ತೆಗೆದುಕೊಂಡು ಹೋಗಲು ಬಂದ ಸಂಜೆಯೂ ಹಾಗೆಯೇ. ಬೆಂಚಿನ ಮೇಲಿದ್ದುದಕ್ಕೆ ಅಂಗೈ ಇಟ್ಟು, ಕೂಸಿನ ಹಣೆ ಮುಟ್ಟಿದ ಹಾಗೆ ಮುಟ್ಟಿ, "ಇನ್ನೂ ಬೆಚ್ಚಗಿದೆಯಲ್ಲ ಅತ್ತೆ" ಅಂದಳು. "ಹೌದು, ಜ್ವರ ಬಂದಿದೆ, ಮಾತ್ರೆ ಕೊಡು" ಅಂದೆ. ನನ್ನ ಬೆಂಚಿನ ಮೇಲೆ ಅವಳದ್ದೇನು ಕೈ?

ಬರೆದರೆ ಕೋಪ ಇಳಿಯುತ್ತದೆಂದು ಯಾರೋ ಹೇಳಿದ್ದರು. ಸುಳ್ಳು.

ಮಾರ್ಚ್ 5, ಬುಧವಾರ

ಅವಳ ಆಫೀಸಿನಿಂದ ಕಾಗದ ಬಂತು. ಕೆಲಸದ ಮೇಲಿದ್ದಾಗ ಆದ ಅಪಘಾತವಂತೆ. ಎಂಜಿನ್ ಕೆಟ್ಟದ್ದು ಓಡಿಸಿದವರ ತಪ್ಪಿನಿಂದಲೋ ಬೇರೆ ಕಾರಣದಿಂದಲೋ ಎಂದು ಎಂಜಿನ್ ಬಿಚ್ಚಿ ನೋಡಿದವರಿಂದ ಬರೆಸಿ ಇಪ್ಪತ್ತನೇ ತಾರೀಖಿನೊಳಗೆ ಕೊಡಬೇಕು. ಓಡಿಸಿದವರ ತಪ್ಪಾದರೆ ಅವಳನ್ನು ಮನೆಮನೆಯ ಕೆಲಸದಿಂದ ತೆಗೆದು ಔಷಧಿ ಉಗ್ರಾಣದಲ್ಲಿ ಕೂರಿಸುತ್ತಾರೆ.

ಬಿಚ್ಚಿ ನೋಡುವವರು ಯಾರು? ಈ ಬೀದಿಯಲ್ಲಿ ಸಿಲಿಂಡರಿನ ಗೋಡೆ ನೋಡಿ ಓದಬಲ್ಲವಳು ನಾನೊಬ್ಬಳೇ. ಮಗ ಕಾಗದ ನನ್ನ ಕೈಗೆ ಕೊಟ್ಟು, "ಅಮ್ಮ, ಸ್ವಲ್ಪ ನೋಡ್ಕೊಂಡು ಬರಿ" ಅಂದ. ನೋಡಿಕೊಂಡು ಅಂದರೆ? ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ ಎಂದೆ. ಅವನು ಬಸ್ಸು ಡಿಪೋದ ಗುಮಾಸ್ತ, ಎರಡು ಬಸ್ಸು ಎದುರುಬದುರಾದರೆ ಯಾವುದಕ್ಕೂ ದಾರಿ ಬಿಡಲಾಗದೆ ನಿಲ್ಲುತ್ತಾನೆ. ಮನೆಯಲ್ಲೂ ಅದೇ.

ಮಾರ್ಚ್ 6, ಗುರುವಾರ

ಒಬ್ಬ ಗಿರಾಕಿ ಬಂದು ಸಂಜೆಯೇ ಸಿಲಿಂಡರ್ ಬೇಕೆಂದು ಕೂತ. ಬರುವಾಗಲೇ "ಮೇಸ್ತ್ರಿ ಇಲ್ವಾ?" ಅಂದಿದ್ದ. ನಾನೇ ಮೇಸ್ತ್ರಿ ಎಂದಾಗ ಗೋಡೆಯ ಮೇಲಿನ ನಮ್ಮವರ ಫೋಟೋ ನೋಡಿದ, ಅವರು ಇಳಿದು ಬಂದು ಕೆಲಸ ಮಾಡುತ್ತಾರೇನೋ ಎಂಬಂತೆ. ಮೈಯೆಲ್ಲ ಉರಿಯಿತು.

"ನಮ್ಮ ಅಂಗಡೀಲಿ ಒಂದು ನಿಯಮ ಇದೆ" ಎಂದೆ. "ಹೋನ್ ಮಾಡಿದ, ಅಂದ್ರೆ ಒಳಗೋಡೆ ಕಲ್ಲಲ್ಲಿ ಉಜ್ಜಿ ನಯ ಮಾಡಿದ ಸಿಲಿಂಡರ್ ಒಂದು ರಾತ್ರಿ ಮಲಗಿ ಏಳ್ಬೇಕು. ಬೆಳಿಗ್ಗೆ ಕೊನೇ ಅಳತೆ ತೆಗೀತೀನಿ. ಆಮೇಲೇ ಅದು ಬಾಗಿಲು ದಾಟೋದು."

"ಯಾಕೆ? ಕಬ್ಬಿಣಕ್ಕೂ ನಿದ್ದೆ ಬೇಕಾ?"

"ಬೇಕು. ನಿನಗೆ ಬೇಡದಿದ್ರೆ ಬೇರೆ ಅಂಗಡಿ ನೋಡು."

ಎತ್ತಿಕೊಂಡು ಹೋದ. ಹೋಗಲಿ.

ಮಾರ್ಚ್ 7, ಶುಕ್ರವಾರ

ಮೆಕ್ಯಾನಿಕ್ ಎಂಜಿನ್ ಬಿಚ್ಚಿ ಸಿಲಿಂಡರನ್ನೂ ಪಿಸ್ಟನ್ನನ್ನೂ ತಂದ. ಮಾತಿಗೆ ಮುಂಚೆ ಮೂರು ಸಲ ಕೆಮ್ಮುತ್ತಾನೆಂದು ಬೀದಿಯವರೆಲ್ಲ ಅವನನ್ನು ಕೆಮ್ಮಣ್ಣ ಎನ್ನುತ್ತಾರೆ. ನಾನು ಕೊರೆದುಕೊಟ್ಟದ್ದನ್ನು ಜೋಡಿಸುವವನು ಅವನೇ.

"ಆಯಿಲ್ ಎಷ್ಟಿತ್ತು?" ಎಂದೆ.

ಕೆಮ್ಮಿದ. ಕೆಮ್ಮಿದ. ಕೆಮ್ಮಿದ. "ಪೂರ್ತಿ ಇತ್ತಕ್ಕ. ಹೊಸಾದು. ಜೇನಿನ ಬಣ್ಣ."

"ಪಂಪು?"

"ಪಂಪೂ ಸರಿ ಇದೆ. ಮೇಲಿನ ತನಕ ಆಯಿಲ್ ಹತ್ತಿದೆ."

ಆಯಿಲ್ ಇಲ್ಲದೆ ಕಚ್ಚಿದರೆ ಗೋಡೆ ಸುತ್ತಲೂ ಕಪ್ಪಗೆ ಉಜ್ಜಿಹೋಗಿರಬೇಕು. ಧೂಳು ಒಳಗೆ ಹೊಕ್ಕಿದ್ದರೆ ಮೇಲುಭಾಗ ಮಂಕಾಗಿ ಸವೆದಿರಬೇಕು. ಬಾಗಿಲ ಬಳಿ ಬೆಳಕಿಗೆ ಹಿಡಿದು ನೋಡಿದೆ. ಎರಡೂ ಅಲ್ಲ. ಗೋಡೆಯ ಮೇಲೆ ನಾಲ್ಕು ಗೀರು. ಮೇಲಿನಿಂದ ಕೆಳಕ್ಕೆ, ಬೆರಳಗಲ, ನಾಲ್ಕು ಕಡೆ ನಾಲ್ಕು. ನಡುವೆ ಗೋಡೆ ಹೊಸದಾಗಿಯೇ ಇದೆ, ನಾನು ಹೋನ್ ಮಾಡಿದ ಅಡ್ಡಗೆರೆಗಳು ಕಾಣುತ್ತವೆ.

ನಾಲ್ಕು ಗೀರು ಎಂದರೆ ಪಿಸ್ಟನ್ ಒಳಗೆ ಜಾಗ ಸಾಲದಷ್ಟು ಉಬ್ಬಿದೆ. ಜೋರಾಗಿ ಓಡಿಸಿ ಕಾಯಿಸಿದರೆ ಹೀಗಾಗುತ್ತದೆ. ಹೊಸದಾಗಿ ಕೊರೆದದ್ದು, ಮೊದಲ ಐನೂರು ಕಿಲೋಮೀಟರ್ ನಲವತ್ತು ದಾಟಬೇಡ ಎಂದು ಸಾವಿರ ಸಲ ಹೇಳಿದ್ದೆ. ಗೋಡೆಗೆ ಹೇಳಿದ ಹಾಗಾಯಿತು. ಗೋಡೆಯಾದರೂ ಗೀರು ತೋರಿಸುತ್ತದೆ.

ಆಯಿಲ್ ಮಾತು ಆಸ್ಪತ್ರೆಯಲ್ಲಿ ಆಡಬಾರದಿತ್ತೇನೋ. ಆದರೆ ವೇಗವೂ ಅವಳದೇ ತಪ್ಪು.

ಮಾರ್ಚ್ 8, ಶನಿವಾರ

ಕೇಳಿದೆ. ಕೂಗಲಿಲ್ಲ, ಕೇಳಿದೆ. ಪಕ್ಕದ ಮನೆಯವರು ಕಿಟಕಿ ತೆರೆದರು ಎಂದರೆ ಅದು ಅವರ ಕಿಟಕಿ.

"ಎಷ್ಟು ಸ್ಪೀಡಲ್ಲಿ ಹೋಗ್ತಿದ್ದೆ?"

"ನಲವತ್ತು ದಾಟಿಲ್ಲ ಅತ್ತೆ. ಏರಲ್ಲಿ ಇಪ್ಪತ್ತೈದೂ ಇರ್ಲಿಲ್ಲ."

"ಬೀಳೋರೆಲ್ಲ ಹಾಗೇ ಹೇಳೋದು."

ಅವಳು ಎಡಗೈಯಿಂದ ದಿಂಬಿನ ಪಕ್ಕದ ಚೀಲ ಎಳೆದು ತನ್ನ ಟಿಪ್ಪಣಿ ಪುಸ್ತಕ ಕೊಟ್ಟಳು. ಮೊದಲ ಮನೆ ಬಿಟ್ಟದ್ದು ಹತ್ತು ಗಂಟೆ ಐದು ನಿಮಿಷ. ಎರಡನೇ ಮನೆ ಹತ್ತು ಮೂವತ್ತೈದು. ನಡುವಿನ ದೂರ ಹನ್ನೆರಡು ಕಿಲೋಮೀಟರ್. ಆರು ದಿನದ್ದೂ ಹೀಗೇ ಬರೆದಿದ್ದಾಳೆ. ಕೂತು ಲೆಕ್ಕ ಹಾಕಿದೆ. ಯಾವ ದಿನವೂ ಗಂಟೆಗೆ ಮೂವತ್ತರ ಮೇಲೆ ಹೋಗಿಲ್ಲ. ಎತ್ತಿನಗಾಡಿಯಾದರೂ ಬೇಸರಪಟ್ಟು ಮುಂದೆ ಹೋಗುತ್ತಿತ್ತು.

ಪುಸ್ತಕ ಹಾಸಿಗೆ ಮೇಲೆ ಎಸೆದು ಬಂದೆ. ಸರಿಯಾಗಿ ಬರೆದಿಟ್ಟವರನ್ನು ಕಂಡರೆ ಯಾಕೆ ಇಷ್ಟು ಸಿಟ್ಟು ಬರುತ್ತದೋ.

ಮಾರ್ಚ್ 10, ಸೋಮವಾರ

ಬೆಳಿಗ್ಗೆ ಮಗ ಅವಳ ಜಡೆ ಹಾಕುತ್ತಿದ್ದ. ಅವಳ ಬಲಗೈ ಜೋಲಿಯಲ್ಲಿದೆ, ಇನ್ನೂ ಐದು ವಾರ ಹಾಗೆಯೇ. ಅವನು ಹಾಕಿದ್ದು ಜಡೆಯಲ್ಲ, ಲಾರಿಗೆ ಸಾಮಾನು ಕಟ್ಟುವ ಹಗ್ಗ. ಒಂದು ಎಳೆ ದಪ್ಪ, ಒಂದು ಎಳೆ ಸಣ್ಣ. ಕೆಟ್ಟ ಕೆಲಸ ಕಣ್ಣೆದುರು ನಡೆಯುತ್ತಿದ್ದರೆ ನನಗೆ ತಡೆಯಲಾಗುವುದಿಲ್ಲ. ಅವನನ್ನು ತಳ್ಳಿ, ಎಲ್ಲ ಬಿಚ್ಚಿ ಮೊದಲಿಂದ ಹಾಕಿದೆ. "ತಲೆ ನೆಟ್ಟಗಿಡು" ಎಂದು ಗದರಿದೆ. ಇಟ್ಟಳು. ಬಿಗಿಯಾಯಿತೇ ಎಂದು ಕೇಳಲಿಲ್ಲ. ಬಿಗಿಯಾಗಿದ್ದಿರಬೇಕು, ಕಿವಿಯ ಹಿಂದೆ ಕೆಂಪಾಗಿತ್ತು.

ಅಷ್ಟರಲ್ಲಿ ಮಗ ತನ್ನ ದೊಡ್ಡ ತೀರ್ಮಾನ ಹೊರಗೆ ಹಾಕಿದ. "ಅಮ್ಮ, ಇನ್ಮೇಲೆ ಇವಳು ಗಾಡಿ ಮುಟ್ಟೋದು ಬೇಡ. ಉಗ್ರಾಣದ ಕೆಲ್ಸಾನೇ ವಾಸಿ. ಕೂತ್ಕೊಂಡು ಮಾಡೋದು. ನೀನೇ ಹೇಳಿದ್ಯಲ್ಲ, ಇವಳಿಗೆ ಓಡ್ಸೋಕೆ ಬರಲ್ಲ ಅಂತ."

ನನ್ನ ಕೈಯಲ್ಲಿದ್ದ ತಲೆ ಕಲ್ಲಿನ ಹಾಗೆ ಬಿಗಿಯಾಯಿತು. ನನಗೆ ಪಿತ್ತ ನೆತ್ತಿಗೇರಿತು. ನಮ್ಮವರ ಅಣ್ಣಂದಿರು ಬಂದು "ಮಷೀನು ಮಾರಿಬಿಡು, ಹೆಂಗಸರ ಕೆಲಸವಲ್ಲ, ಮನೆಯಲ್ಲಿ ಕೂತ್ಕೋ" ಅಂದದ್ದು ಇದೇ ಕೋಣೆಯಲ್ಲಿ, ಇದೇ ನಯವಾದ ದನಿಯಲ್ಲಿ.

"ಕೂತ್ಕೊಂಡು ಮಾಡೋ ಕೆಲ್ಸ ನೀನು ಮಾಡ್ತಿದ್ದೀಯಲ್ಲ, ಸಾಕು ಮನೆಗೊಬ್ಬ!" ಎಂದೆ. ಅವನು ತಿಂಡಿ ತಿನ್ನದೆ ಡಿಪೋಗೆ ಹೋದ.

ಅವಳ ಪರವಾಗಿ ಹೇಳಿದ್ದಲ್ಲ. ಮಾತು ಸರಿಯಿರಲಿಲ್ಲ, ಅದಕ್ಕೆ ಹೇಳಿದೆ.

ಮಾರ್ಚ್ 11, ಮಂಗಳವಾರ

ಅಳತೆಗೆ ಕೂತೆ. ಪಿಸ್ಟನ್ನಿನ ಅಲ್ಯೂಮಿನಿಯಂ ಗೋಡೆಗೆ ಅಂಟಿಕೊಂಡಿತ್ತು. ಆಸಿಡ್ ಹಚ್ಚಿ ಕರಗಿಸಿ, ತೊಳೆದು, ಎಣ್ಣೆ ಒರೆಸಿ ನೋಡಿದೆ. ನಾಲ್ಕು ಗೀರುಗಳಲ್ಲಿ ಎರಡು ಬರಿ ಕಲೆ. ಇನ್ನೆರಡರಲ್ಲಿ ಉಗುರು ಎಳೆದರೆ ಸಿಕ್ಕಿಕೊಳ್ಳುತ್ತದೆ. ಉಗುರು ಸಿಕ್ಕಿದರೆ ಹೋನಿಂಗಿನಲ್ಲಿ ಹೋಗುವುದಿಲ್ಲ. ಮುಂದಿನ ಸೈಜಿಗೆ ಕೊರೆಯಲೇಬೇಕು, ದೊಡ್ಡ ಪಿಸ್ಟನ್ ಹಾಕಲೇಬೇಕು.

ಆಮೇಲೆ ಗೀರಿಲ್ಲದ ಕಡೆ, ಒಳಗಿನ ಅಗಲ ಅಳೆಯುವ ಬೋರ್ ಗೇಜ್ ಇಳಿಸಿದೆ. ನಾನು ಬಿಟ್ಟಿದ್ದ ಗ್ಯಾಪ್ ಮೂರು, ಅಂದರೆ ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಮೂರು. ಈಗ ಸಿಗುತ್ತಿರುವುದು ಒಂದೂವರೆ.

ಓಡಿದ ಸಿಲಿಂಡರ್ ಸವೆಯುತ್ತದೆ, ಸವೆದರೆ ದೊಡ್ಡದಾಗುತ್ತದೆ. ಚಿಕ್ಕದಾಗುವ ಸಿಲಿಂಡರನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

ಗೇಜು ಕೆಟ್ಟಿದೆ. ದರಿದ್ರ ಗೇಜು.

ಮಾರ್ಚ್ 12, ಬುಧವಾರ

ಗೇಜು ಸರಿಯಾಗಿದೆ. ಅಳತೆ ಗೊತ್ತಿರುವ ಉಂಗುರಕ್ಕೆ ಹಾಕಿ ಮೂರು ಸಲ ನೋಡಿದೆ.

ಪಿಸ್ಟನ್ ಅಂಗಡಿಯವನು ತಪ್ಪು ಸೈಜು ಕೊಟ್ಟಿದ್ದಾನೆ ಎಂದು ಅವನ ಅಂಗಡಿಗೆ ಹೋಗಿ ಕೂಗಾಡಿದೆ. ಅವನು ಅದೇ ಸೈಜಿನ ಇನ್ನೊಂದು ತೆಗೆದು ನನ್ನ ಮೈಕ್ರೋಮೀಟರಿನಲ್ಲೇ ಅಳೆಸಿದ. ಸರಿಯಾಗಿತ್ತು. ನೀರು ಕುಡಿಯಿರಿ ಎಂದ. ಕುಡಿಯಲಿಲ್ಲ.

ಬೆಳಿಗ್ಗೆ ಜಡೆ ಹಾಕಿದೆ.

ಮಾರ್ಚ್ 13, ಗುರುವಾರ

ಫೆಬ್ರವರಿ 24ರ ಪುಟ ತೆಗೆದೆ. ಇದೇ ಡೈರಿ, ಒಂಬತ್ತು ಹಾಳೆ ಹಿಂದೆ, ನನ್ನದೇ ಅಕ್ಷರ.

"ಮಗನ ಹೆಂಡತಿಯ ಗಾಡಿ. ಹೋನ್ ಮುಗಿದದ್ದು ಐದೂವರೆ. ಅಳತೆ ಐದು ಮುಕ್ಕಾಲು. ಗ್ಯಾಪ್ ಮೂರು. ಆರಕ್ಕೆ ತೆಗೆದುಕೊಂಡು ಹೋದಳು."

ಹದಿನೈದು ನಿಮಿಷ.

ಅವಳೇ ಅವಸರ ಮಾಡಿದ್ದು. ಐದು ಗಂಟೆಗೇ ಬಂದು ಬಾಗಿಲಲ್ಲಿ ನಿಂತಿದ್ದಳು. ನಾಳೆ ಎಂಟಕ್ಕೆ ಹೋಗಬೇಕು, ಎಂಟೇ ದಿನದ ಕೂಸಿದೆ, ತೂಕ ಏರುತ್ತಿಲ್ಲ ಎಂದಳು. ಗಡಿಯಾರ ನೋಡಿಕೊಂಡಳು. ಅವಳು ಗಡಿಯಾರ ನೋಡಿಕೊಂಡದ್ದಕ್ಕೆ ನನಗೆ ರೇಗಿತು. ರೇಗಿದ ಕೈಯಲ್ಲೇ ಹೋನ್ ಮುಗಿಸಿದೆ, ರೇಗಿದ ಕಣ್ಣಲ್ಲೇ ಅಳತೆ ತೆಗೆದೆ, "ತಗೊಂಡ್ಹೋಗು ನಿನ್ನ ಸಿಲಿಂಡರು" ಎಂದೆ.

ಇಲ್ಲ. ಹೀಗೆ ಬರೆದರೆ ಪೂರ್ತಿಯಾಗುವುದಿಲ್ಲ. ಅದಕ್ಕೂ ಮುಂಚೆ ಆ ಸಿಲಿಂಡರ್ ಹನ್ನೆರಡು ದಿನ ಬೆಂಚಿನ ಕೆಳಗೆ ಬಿದ್ದಿತ್ತು. ಅವಳು ಮೂರು ಸಲ ಕೇಳಿದ್ದಳು. ಹೊರಗಿನವರ ಕೆಲಸ ಮೊದಲು ಎಂದು ಪ್ರತಿ ಸಲವೂ ನಾನೇ ಅದನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದ್ದೆ.

ಅವಳು ಅಂಗೈ ಇಟ್ಟು ಹೇಳಿದ್ದೂ ನೆನಪಾಯಿತು. ಆ ಮಾತು ಮತ್ತೆ ಬರೆಯುವುದಿಲ್ಲ. ಒಮ್ಮೆ ಬರೆದಿದ್ದೇನೆ, ಮೊದಲ ದಿನವೇ, ಅವಳನ್ನು ಬೈಯಲು.

ಮಾರ್ಚ್ 14, ಶುಕ್ರವಾರ

ಅಂಗಡಿ ತೆರೆಯಲಿಲ್ಲ.

ಮಾರ್ಚ್ 15, ಶನಿವಾರ

ಕೆಮ್ಮಣ್ಣ ಮನೆಗೇ ಬಂದ. ಅಂಗಡಿ ಮುಚ್ಚಿದ್ದು ನೋಡಿ ನನಗೇ ಏನೋ ಆಯಿತೆಂದುಕೊಂಡನಂತೆ. ಅವಳು ಒಳಗೆ ಮಲಗಿದ್ದಳು. ಹೊರಗಿನ ಮೆಟ್ಟಿಲ ಮೇಲೆ ಕೂತು ಅವನಿಗೆ ಒಂದೂವರೆಯ ಮಾತು ಹೇಳಿದೆ. ಮೂವತ್ತು ವರ್ಷ ಸಿಲಿಂಡರ್ ಜೋಡಿಸಿದವನು, ಮಿಕ್ಕದ್ದು ತಾನೇ ಅರ್ಥ ಮಾಡಿಕೊಂಡ. ಈ ಸಲ ಎಷ್ಟು ಸಲ ಕೆಮ್ಮಿದನೋ ಎಣಿಸಲಿಲ್ಲ.

"ಅಕ್ಕ, ಇದು ನಿಮಗೆ ಗೊತ್ತು, ನನಗೆ ಗೊತ್ತು. ಬೇರೆ ಯಾರ್ಗೂ ತಿಳಿಯಲ್ಲ. ಪಿಸ್ಟನ್ ಸರಿ ಇರ್ಲಿಲ್ಲ ಅಂತ ಬರೆದ್ಬಿಡಿ. ನಿಮ್ಮ ಸೊಸೆ ಕೆಲ್ಸಾನೂ ಉಳಿಯುತ್ತೆ, ನಿಮ್ಮ ಹೆಸರೂ ಉಳಿಯುತ್ತೆ. ಪಿಸ್ಟನ್‌ಗೇನು, ಅದು ಬಂದು ಜಗಳ ಆಡುತ್ತಾ?"

ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅದಕ್ಕೇ ಇನ್ನಷ್ಟು ಉರಿಯಿತು. "ಎದ್ದು ಹೋಗೋ" ಎಂದೆ. ಹೋದ. ಚಹಾ ಅರ್ಧ ಬಿಟ್ಟು ಹೋದ.

ಆ ಮಾತು ಬಿಡುತ್ತಿಲ್ಲ. ಪಿಸ್ಟನ್ ಸರಿಯಿರಲಿಲ್ಲ. ಎರಡು ಪದ. ಯಾರಿಗೂ ನೋವಿಲ್ಲ.

ಮಾರ್ಚ್ 17, ಸೋಮವಾರ

ಜಡೆ ಹಾಕುತ್ತಾ ಕೇಳಿದೆ. ಮುಖ ಕಾಣದಿದ್ದರೆ ಕೇಳುವುದು ಸುಲಭ.

"ಸಿಲಿಂಡರ್ ಬೆಚ್ಚಗಿದೆ ಅಂದಿದ್ಯಲ್ಲ ಅವತ್ತು. ಆಸ್ಪತ್ರೇಲಿ ನಾನು ಬೈತಿದ್ದಾಗ ಯಾಕೆ ಹೇಳ್ಲಿಲ್ಲ?"

"ಯಾವ ಬೆಚ್ಚಗೆ?" ಅವಳಿಗೆ ನೆನಪೇ ಇರಲಿಲ್ಲ. ಆಮೇಲೆ, "ಓ, ಅದಾ. ಬೆಚ್ಚಗಿರೋದಕ್ಕೂ ನಾನು ಬಿದ್ದದ್ದಕ್ಕೂ ಏನು ಸಂಬಂಧ ಅತ್ತೆ?"

ಬಾಚಣಿಗೆ ಕೈಯಲ್ಲೇ ಉಳಿಯಿತು. ಇವಳಿಗೆ ಗೊತ್ತಿಲ್ಲ. ಎಲ್ಲ ತಿಳಿದೂ ಬಾಯಿಗೆ ಬೀಗ ಹಾಕಿಕೊಂಡಿದ್ದಾಳೆ, ನನ್ನ ನಾಚಿಕೆ ನೋಡಲು ಕಾಯುತ್ತಿದ್ದಾಳೆ ಎಂದು ನಾಲ್ಕು ದಿನದಿಂದ ಅವಳ ಮೇಲೆ ಕುದಿಯುತ್ತಿದ್ದೆ. ಅವಳಿಗೆ ಗೊತ್ತೇ ಇಲ್ಲ. ನಾನು ಸುಮ್ಮನೆ ಜಡೆ ಮುಗಿಸಿದರೆ ಅಲ್ಲಿಗೆ ಮುಗಿಯಿತು.

ಹೇಳಿದೆ. ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ, ಇಲ್ಲದಿದ್ದರೆ ನನಗೇ ಹೇಳಲಾಗುತ್ತಿರಲಿಲ್ಲ. ಹೋನ್ ಮಾಡುವಾಗ ಕಲ್ಲು ಗೋಡೆಯನ್ನು ಉಜ್ಜುತ್ತದೆ. ಉಜ್ಜಿದರೆ ಕಬ್ಬಿಣ ಬಿಸಿಯಾಗುತ್ತದೆ. ಬಿಸಿಯಾದರೆ ಹಿಗ್ಗುತ್ತದೆ, ತೂತು ದೊಡ್ಡದಾಗಿ ಕಾಣುತ್ತದೆ. ಆಗ ಅಳೆದರೆ ಗ್ಯಾಪ್ ಮೂರು ಎನ್ನುತ್ತದೆ ಗೇಜು. ಆರಿದ ಮೇಲೆ ಅದು ಒಂದೂವರೆ. ಏರಿನಲ್ಲಿ ಪಿಸ್ಟನ್ ಕಾದು ಉಬ್ಬಿದಾಗ ಅದಕ್ಕೆ ಹೋಗಲು ಜಾಗವಿಲ್ಲ. ನಾಲ್ಕು ಕಡೆ ಕಚ್ಚಿಕೊಳ್ಳುತ್ತದೆ. ಒಂದು ರಾತ್ರಿ ಬಿಡಬೇಕಾಗಿತ್ತು. ಬಿಡಲಿಲ್ಲ.

ಅವಳು ಪೂರ್ತಿ ಕೇಳಿದಳು. ಅರ್ಧ ಹೆಣೆದ ಜಡೆಯೊಂದಿಗೆ ತಿರುಗಿದಳು. ಮೂರು ವರ್ಷದಲ್ಲಿ ಆ ಮುಖ ನಾನು ನೋಡಿರಲಿಲ್ಲ.

"ಹದಿನೈದು ದಿನ ಅತ್ತೆ! ಹದಿನೈದು ದಿನದಿಂದ ನನ್ನನ್ನ ಬೈತಿದ್ದೀರಿ. ಆಸ್ಪತ್ರೇಲಿ ನನ್ನ ಜೊತೆ ಕೆಲ್ಸ ಮಾಡೋರ ಮುಂದೆ ಬೈದ್ರಿ. ಇವರು ನನ್ನನ್ನ ಉಗ್ರಾಣದಲ್ಲಿ ಕೂರ್ಸೋಕೆ ಹೊರಟಿದ್ದಾರೆ. ಬಿದ್ದಾಗ ಹಿಂದೆ ಲಾರಿ ಬರ್ತಿತ್ತು, ಗೊತ್ತಾ ನಿಮ್ಗೆ? ಚಕ್ರ ನನ್ನ ತಲೆ ಪಕ್ಕ ನಿಂತಿತು. ಟೈರಿನ ವಾಸ್ನೆ ಬಂತು ನನ್ಗೆ. ಅದನ್ನ ಯಾರ್ಗೂ ಹೇಳಿಲ್ಲ, ಹೇಳಿದ್ರೆ ಗಾಡಿ ಬಿಡಿಸ್ತಾರೆ ಅಂತ. ನಿಮ್ಮ ಅವಸರಕ್ಕೆ, ನಿಮ್ಮ ಕೋಪಕ್ಕೆ... ಒಂದು ರಾತ್ರಿ ಕಾಯಿ ಅಂತ ನೀವಂದಿದ್ರೆ ನಾನು ಬೇರೆ ಗಾಡಿ ಕೇಳ್ಕೊಂಡು ಹೋಗ್ತಿದ್ದೆ. ಅಷ್ಟು ಹೇಳೋಕೆ ಏನು ಕಷ್ಟ ಇತ್ತು?"

ಪಕ್ಕದ ಮನೆಯ ಕಿಟಕಿ ತೆರೆಯಿತು. "ಮುಚ್ಚಿ ಅದನ್ನ!" ಎಂದು ಅವಳೇ ಕೂಗಿದಳು. ಮುಚ್ಚಿಕೊಂಡಿತು.

ಲಾರಿಯ ಮಾತು ಕೇಳಿ ಹಾಸಿಗೆಯ ಅಂಚಿಗೆ ಕೂತೆ. ಅವಳು ಅರ್ಧ ಜಡೆಯಲ್ಲೇ ಎದ್ದು ಹೋಗಿ ಬಾಗಿಲು ಹಾಕಿಕೊಂಡಳು.

ಚೆನ್ನಾಗಿಯೇ ಬೈಯುತ್ತಾಳೆ. ಒಂದು ಮಾತೂ ಹೆಚ್ಚಿಲ್ಲ, ಒಂದು ಮಾತೂ ಕಡಿಮೆಯಿಲ್ಲ.

ಮಾರ್ಚ್ 18, ಮಂಗಳವಾರ

ಬೆಳಿಗ್ಗೆ ಬಾಚಣಿಗೆ ಹಿಡಿದು ತಾನೇ ಬಂದಳು. ಬೆನ್ನು ಹಾಕಿ ಕೂತಳು. ಸಡಿಲವಾಗಿ ಹಾಕಿದೆ.

ಆಮೇಲೆ ಕಾಗದಕ್ಕೆ ಕೂತೆ. ಮೊದಲ ಸಲ ಬರೆದೆ: "ಗ್ಯಾಪ್ ಕಡಿಮೆಯಿದ್ದುದರಿಂದ ಎಂಜಿನ್ ಸೀಜ್ ಆಗಿದೆ." ಓದಿಕೊಂಡೆ. ಗ್ಯಾಪ್ ತಾನಾಗಿ ಕಡಿಮೆಯಾಗಿ ಬಂದು ಕೂತಿತೇನು? ಹರಿದೆ. ಎರಡನೇ ಸಲ ಮೂವತ್ತೊಂದು ವರ್ಷದ ಅನುಭವದ ಬಗ್ಗೆ ಒಂದು ಪುಟ ಬರೆದೆ. ಅದನ್ನೂ ಹರಿದೆ. ಮೂರನೇ ಸಲ:

"ಎಂಜಿನ್ ಬಿಚ್ಚಿ ನೋಡಿದ್ದೇನೆ. ಆಯಿಲ್ ಸರಿಯಾಗಿತ್ತು. ವೇಗ ಹೆಚ್ಚಿರಲಿಲ್ಲ. ಪಿಸ್ಟನ್ ಸರಿಯಾಗಿತ್ತು. ಹೋನ್ ಮಾಡಿದ ಸಿಲಿಂಡರ್ ಆರುವ ಮುಂಚೆ ಅಳತೆ ತೆಗೆದದ್ದರಿಂದ ಗ್ಯಾಪ್ ಬೇಕಾದುದರ ಅರ್ಧದಷ್ಟೇ ಇತ್ತು. ಅದರಿಂದಲೇ ಸೀಜ್ ಆಯಿತು. ಅಳತೆ ತೆಗೆದವಳು ನಾನು. ಓಡಿಸಿದವರ ತಪ್ಪು ಏನೂ ಇಲ್ಲ."

ಸಹಿ ಹಾಕಿದೆ. ಅಂಗಡಿಯ ಮೊಹರು ಒತ್ತಿದೆ, ಎರಡು ಸಲ, ಮೊದಲನೆಯದು ಮಸುಕಾಗಿತ್ತು.

ಮಗ ಓದಿ ನನ್ನ ಮುಖ ನೋಡಿದ. "ಅಮ್ಮ, ಇದು ಆಫೀಸಿನ ಫೈಲಲ್ಲಿ ಇರುತ್ತೆ. ನಾಲ್ಕು ಜನ ಓದ್ತಾರೆ."

"ಆಸ್ಪತ್ರೇಲೂ ನಾಲ್ಕು ಜನ ಕೇಳಿದ್ರಲ್ಲ" ಎಂದೆ. "ತಗೊಂಡು ಹೋಗು."

ಮಾರ್ಚ್ 21, ಶುಕ್ರವಾರ

ಮೂಳೆ ಕೂಡಿದ ಮೇಲೆ ಅವಳಿಗೆ ಹಳೆಯ ಕೆಲಸವೇ ಎಂದು ಆಫೀಸಿನಿಂದ ಹೇಳಿಕಳಿಸಿದ್ದಾರೆ. ಮಗ ಕುಣಿಯುವುದೊಂದು ಬಾಕಿ. ಮೊನ್ನೆ ಉಗ್ರಾಣವೇ ವಾಸಿ ಎಂದವನು ಇವನೇ.

ಸುದ್ದಿ ಬೀದಿಗೂ ಬಂದಿದೆ. ಇಬ್ಬರು ತಮ್ಮ ಸಿಲಿಂಡರ್ ವಾಪಸು ಒಯ್ದರು. ಒಬ್ಬ "ಮೇಸ್ತ್ರಿ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ" ಎಂದು ಫೋಟೋ ಕಡೆ ಕೈ ತೋರಿಸಿದ. ಅವರ ಕಾಲದಲ್ಲೂ ಆಗಿತ್ತು, ಎರಡು ಸಲ. ಡೈರಿಗಳು ಅಟ್ಟದ ಮೇಲಿವೆ. ಹೇಳಲಿಲ್ಲ. ನಾಲಿಗೆಯ ತುದಿಯವರೆಗೆ ಬಂದದ್ದನ್ನು ಹಲ್ಲು ಕಚ್ಚಿ ನುಂಗಿದೆ.

ಮಾರ್ಚ್ 26, ಬುಧವಾರ

ಅವಳ ಸಿಲಿಂಡರನ್ನು ಇವತ್ತು ಮೊದಲು ತೆಗೆದುಕೊಂಡೆ. ಹೊರಗಿನವರದ್ದು ಆಮೇಲೆ.

ಮಷೀನಿಗೆ ಕೂರಿಸಿ, ಮಧ್ಯಬಿಂದು ಹಿಡಿದು, ಮುಂದಿನ ಸೈಜಿಗೆ ಕೊರೆದೆ. ಮೊದಲ ಸುತ್ತಿನಲ್ಲಿ ನಾಲ್ಕು ಗೀರು ಎರಡಾಯಿತು. ಎರಡನೇ ಸುತ್ತಿನಲ್ಲಿ ಆ ಎರಡೂ ಹೋದವು. ಮಧ್ಯಾಹ್ನ ಹೋನಿಂಗ್. ಕೈ ಒಂದೇ ಲಯದಲ್ಲಿ ಮೇಲೆ, ಕೆಳಗೆ. ಅಡ್ಡಗೆರೆಗಳು ಚೆನ್ನಾಗಿ ಬಂದವು. ನಾಲ್ಕು ಗಂಟೆಗೆ ಮುಗಿಯಿತು. ಗೇಜನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ಮನೆಗೆ ತಂದೆ.

ಸಿಲಿಂಡರಿನ ಮೇಲೆ ನಾನೂ ಅಂಗೈ ಇಟ್ಟು ನೋಡಿದೆ. ಏನೂ ಗೊತ್ತಾಗಲಿಲ್ಲ. ಬಿಸಿಯೋ ತಣ್ಣಗೋ, ಬರಿ ಕಬ್ಬಿಣ. ಮೂವತ್ತೊಂದು ವರ್ಷ ಉಜ್ಜಿ ಉಜ್ಜಿ ನನ್ನ ಅಂಗೈಯೂ ಬೆಂಚಿನ ಹಾಗಾಗಿದೆ. ಇದು ಯಾವಾಗಿನಿಂದ ಹೀಗೆ? ನಿಯಮ ಮಾಡಿಟ್ಟದ್ದು ಪುಣ್ಯ. ಮುರಿದವಳೂ ನಾನೇ.

ಮಾರ್ಚ್ 27, ಗುರುವಾರ

ಬೆಳಿಗ್ಗೆ ಜಡೆ ಮುಗಿದ ಮೇಲೆ "ಅಂಗಡಿ ತನಕ ಬಾ" ಎಂದೆ.

"ಯಾಕೆ?"

"ಯಾಕೆ ಅಂತ ಕೇಳ್ಬೇಡ. ಚಪ್ಪಲಿ ಬಾಗಿಲಲ್ಲಿ ಬಿಡು."

ಬಂದಳು. ಚಪ್ಪಲಿ ಬಿಟ್ಟಳು. ಸಿಲಿಂಡರ್ ತೋರಿಸಿ, "ಕೈ ಇಟ್ಟು ನೋಡು" ಎಂದೆ. ಹದಿನಾರು ಗಂಟೆ ಮಲಗಿ ಎದ್ದ ಸಿಲಿಂಡರ್. ಸುಮ್ಮನೆ ಒಂದು ಮಾತಿಗೆಂದು ಕರೆದದ್ದು. ತಣ್ಣಗಿದೆ ಅನ್ನುತ್ತಾಳೆ, ಅಳತೆ ತೆಗೆಯುತ್ತೇನೆ, ಆಯಿತು ಎಂದುಕೊಂಡಿದ್ದೆ.

ಎಡಗೈ ಇಟ್ಟಳು. ಈ ಕಡೆ ಮುಟ್ಟಿದಳು, ಆ ಕಡೆ ಮುಟ್ಟಿದಳು. ಕಣ್ಣು ಮುಚ್ಚಿದಳು. ಆಸ್ಪತ್ರೆಯಲ್ಲಿ ಮುಚ್ಚಿದ ಹಾಗಲ್ಲ, ಕೆಲಸ ಮಾಡುವವರು ಮುಚ್ಚುವ ಹಾಗೆ.

"ಕಿಟಕಿ ಕಡೆ ಬೆಚ್ಚಗಿದೆ ಅತ್ತೆ."

"ಏನು? ಒಂದು ರಾತ್ರಿ ಪೂರ್ತಿ..."

"ಈ ಕಡೆ ತಣ್ಣಗಿದೆ. ಆ ಕಡೆ ಬೆಚ್ಚಗಿದೆ. ಬಿಸಿಲು ಬೀಳ್ತಿದೆ ನೋಡಿ."

ಬಿಸಿಲು ಬೀಳುತ್ತಿತ್ತು. ಮೇಲಿನ ಕಿಟಕಿಯಿಂದ ಅಂಗೈಯಗಲದ ಬಿಸಿಲು, ಸರಿಯಾಗಿ ಅದರ ಪಕ್ಕೆಗೆ. ಈ ಬೆಂಚು ಇಲ್ಲಿಗೆ ಬಂದು ಮೂವತ್ತು ವರ್ಷವಾಯಿತು. ಎಷ್ಟು ಬೆಳಿಗ್ಗೆ ಎಷ್ಟು ಸಿಲಿಂಡರ್ ಹೀಗೆ ಕೂತಿದ್ದವೋ. ನನಗೆ ಕೆಂಡದಂಥ ಸಿಟ್ಟು ಬಂತು. ಬಿಸಿಲಿನ ಮೇಲೆ, ಕಿಟಕಿಯ ಮೇಲೆ, ಬೆಂಚನ್ನು ಅಲ್ಲಿಟ್ಟ ನಮ್ಮವರ ಮೇಲೆ. ಫೋಟೋ ಕಡೆ ತಿರುಗಿ ಅವರಿಗೆ ನಾಲ್ಕು ಮಾತು ಹೇಳಿದೆ. ಅವಳು ನಕ್ಕಳು. ನಕ್ಕರೆ ಭುಜ ನೋಯುತ್ತದೆಂದು ಕೈ ಒತ್ತಿ ಹಿಡಿದು ನಕ್ಕಳು.

ಸಿಲಿಂಡರನ್ನು ಒಳಗಿನ ನೆರಳಿಗೆ ಎತ್ತಿಟ್ಟೆ. ಎರಡು ಮರದ ಪೆಟ್ಟಿಗೆ ಬೋರಲು ಹಾಕಿ ಇಬ್ಬರೂ ಕೂತೆವು. ಅವಳು ಆಗಾಗ ಎದ್ದು ಹೋಗಿ ಮುಟ್ಟಿ ಬರುತ್ತಿದ್ದಳು. "ಇನ್ನೂ ಇಲ್ಲ." ಮತ್ತೆ ಸ್ವಲ್ಪ ಹೊತ್ತು. "ಇನ್ನೂ ಇಲ್ಲ." ಸುಮ್ಮನೆ ಕೂರುವುದು ನನಗೆ ಆಗದ ಕೆಲಸ. ಕೂತೆ.

ಆ ತೂಕ ಏರದ ಕೂಸು ಏನಾಯಿತು ಎಂದು ಕೇಳಿದೆ. ಏರುತ್ತಿದೆಯಂತೆ.

ಕೆಮ್ಮಣ್ಣ ಬಂದು ಬಾಗಿಲಲ್ಲಿ ನಿಂತು, ಆಯಿತೇ ಎಂದು ಕೇಳಲು ಕೆಮ್ಮತೊಡಗಿದ. "ಇನ್ನೂ ಇಲ್ಲ" ಎಂದೆವು, ಇಬ್ಬರೂ ಒಟ್ಟಿಗೆ, ಅವನು ಕೆಮ್ಮಿ ಮುಗಿಸುವ ಮುಂಚೆಯೇ.

ಹೋನ್ ಮುಗಿದದ್ದು ನಿನ್ನೆ ನಾಲ್ಕು ಗಂಟೆ. ಅಳತೆ ಇವತ್ತು ಹನ್ನೊಂದು. ಗ್ಯಾಪ್ ಮೂರು.

ಕೈ ಇಟ್ಟು ನೋಡಿದವಳು: ನನ್ನ ಸೊಸೆ.